20 ನಿಮಿಷ ಓಡಿ ಸಾಯುತ್ತದೆ, ತಣ್ಣಗಾದರೆ ಮತ್ತೆ ಸ್ಟಾರ್ಟ್ (32ರ ಫೋರ್ಡ್, ಶೆವಿ 350)

ಗ್ಯಾರೇಜ್_ಗೂಬೆ:
ತಲೆ ಕೆಟ್ಟು ಬರೆಯುತ್ತಿದ್ದೇನೆ. ನಾಲ್ಕು ವರ್ಷ ಮನೆ ಗ್ಯಾರೇಜಿನಲ್ಲೇ ಕೂತು ಕಟ್ಟಿದ ಹಾಟ್ ರಾಡ್, ಅಂದರೆ ದೊಡ್ಡ ಎಂಜಿನ್ ಕೂರಿಸಿದ ಹಳೇ ಕಾರು. 1932ರ ಫೋರ್ಡ್ ಫೈವ್ ವಿಂಡೋ ಕೂಪೆ, ಒಳಗೆ ಶೆವಿ 350 (ಶೆವರ್ಲೆಯ 350 ಘನ ಇಂಚಿನ ವಿ8 ಎಂಜಿನ್), ಮೇಲೆ ನಾಲ್ಕು ಬ್ಯಾರಲ್ ಹಾಲಿ ಕಾರ್ಬ್ಯುರೇಟರ್. ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್. ಐಡಲ್ ಬಗ್ಗೆ ದೂರೇ ಇಲ್ಲ. ಇಪ್ಪತ್ತು ನಿಮಿಷ ಓಡಿಸಿದರೆ ಇದ್ದಕ್ಕಿದ್ದಂತೆ ಸತ್ತುಹೋಗುತ್ತದೆ. ಎಷ್ಟು ಕ್ರ್ಯಾಂಕ್ ಮಾಡಿದರೂ ಹತ್ತುವುದಿಲ್ಲ. ಬಾನೆಟ್ ಎತ್ತಿಟ್ಟು ಅರ್ಧ ಗಂಟೆ ಕಾದರೆ, ಏನೂ ಆಗೇ ಇಲ್ಲವೇನೋ ಅನ್ನುವಂತೆ ಮತ್ತೆ ಸ್ಟಾರ್ಟ್. ಗೇಜ್ 190 ಫ್ಯಾರನ್‌ಹೀಟ್ ದಾಟಿಲ್ಲ. ಕಾರ್ಬ್ ಬಿಚ್ಚಿ ತೊಳೆದೆ, ಫಿಲ್ಟರ್ ಬದಲಾಯಿಸಿದೆ, ಪ್ಲಗ್ ಎಂಟೂ ಹೊಸದು. ನಿನ್ನೆ ಮೂರನೇ ಸಲ ತಳ್ಳಿಕೊಂಡು ಮನೆಗೆ ಬಂದೆ. ಯಾರಾದರೂ ದಾರಿ ತೋರಿಸಿ.

ಹಳೇ_ಕಾರ್ಬ್:
ವೇಪರ್ ಲಾಕ್, ಅಂದರೆ ಪೆಟ್ರೋಲ್ ಲೈನಿನಲ್ಲೇ ಆವಿಯಾಗಿ ಹರಿವು ಕಟ್ಟುವುದು. ಕಣ್ಣು ಮುಚ್ಚಿ ಹೇಳುತ್ತೇನೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಸ್ವಲ್ಪ ಕಾವು ತಗುಲಿದರೆ ಸಾಕು, ಲೈನಿನಲ್ಲೇ ಕುದಿಯುತ್ತದೆ. ಪಂಪ್ ಯಾವುದು? ಲೈನ್ ಎಲ್ಲಿಂದ ಹೋಗಿದೆ?

ಟೈಮಿಂಗ್_ಲೈಟ್:
ನಿಂತ ಆ ಕ್ಷಣದಲ್ಲಿ ಸ್ಪಾರ್ಕ್ ಇದೆಯಾ? ಹಳೇ ಪ್ಲಗ್ ಒಂದನ್ನು ವೈರಿಗೆ ಸಿಕ್ಕಿಸಿ, ಜಂಪರಿನಿಂದ ಬ್ಲಾಕಿಗೆ ಕಟ್ಟಿ ಕ್ರ್ಯಾಂಕ್ ಮಾಡಿಸಿ ನೋಡಿ. ಕೈಯಲ್ಲಿ ಹಿಡಿಯಬೇಡಿ. ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್ ಯಾವುದು ಅಂತಲೂ ಹೇಳಿ.

ಗ್ಯಾರೇಜ್_ಗೂಬೆ:
@ಹಳೇ_ಕಾರ್ಬ್ ಮೆಕ್ಯಾನಿಕಲ್ ಪಂಪ್. ಲೈನ್ ಎಂಜಿನ್ನಿನ ಬಿಸಿ ಹೊಗೆ ಹೋಗುವ ಹೆಡರ್ ಪೈಪಿನಿಂದ ಎರಡು ಇಂಚು ದೂರ ಇದೆ.

ಹಳೇ_ಕಾರ್ಬ್:
ಎರಡೇ ಇಂಚಾ! ಸಿಕ್ಕಿತಲ್ಲ ಕಳ್ಳ. ಮೆಕ್ಯಾನಿಕಲ್ ಪಂಪ್ ಹಿಂದಿನ ಟ್ಯಾಂಕಿನಿಂದ ಮುಂದಕ್ಕೆ ಎಳೆಯಬೇಕು. ಎಳೆಯುವ ಕಡೆ ಒತ್ತಡ ಕಡಿಮೆ, ಒತ್ತಡ ಕಡಿಮೆಯಾದರೆ ಪೆಟ್ರೋಲ್ ಬೇಗ ಕುದಿಯುತ್ತದೆ. ಲೈನನ್ನು ಫ್ರೇಮಿನ ಒಳಬದಿಗೆ ಸರಿಸಿ, ಶಾಖ ತಡೆಯುವ ಕವಚ ಹಾಕಿ, ಕಾರ್ಬ್ ಕೆಳಗೆ ಶಾಖ ಸುಲಭವಾಗಿ ದಾಟಿಸದ ಒಂದಿಂಚಿನ ಫೀನಾಲಿಕ್ ಸ್ಪೇಸರ್ ಇಡಿ. ನನ್ನ ಪಿಕಪ್ಪಿಗೂ ಇದೇ ರೋಗ ಬಂದಿತ್ತು, ಇದೇ ಔಷಧ.

ಫ್ಲ್ಯಾಟ್‌ಹೆಡ್_ಭಕ್ತ:
32ರ ಫೋರ್ಡಿಗೆ ಶೆವಿ ತುರುಕಿದರೆ ಕಾರಿಗೇ ಬೇಜಾರಾಗುತ್ತದೆ ಮಾರಾಯ್ರೇ. ಎಲ್ಲರ ಮನೆಯಲ್ಲೂ ಅದೇ 350. ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ ಕೊಟ್ಟಿದ್ದೇ 1932ರಲ್ಲಿ, 221 ಘನ ಇಂಚು, 65 ಅಶ್ವಶಕ್ತಿ. ನನ್ನದರ ಮೇಲೆ ಮೂರು ಸ್ಟ್ರಾಂಬರ್ಗ್ 97 ಕಾರ್ಬ್ ಕೂತಿವೆ. ಮೂರನ್ನೂ ಒಂದೇ ಉಸಿರಿಗೆ ತರಲು ಎರಡು ವಾರ ಹಿಡಿಯಿತು. ಆದರೆ ಆ ಸದ್ದು ಕೇಳಬೇಕು ನೀವು. ಫೋಟೋ ಆಮೇಲೆ ಹಾಕುತ್ತೇನೆ.

ಹಳೇ_ಕಾರ್ಬ್:
ಫ್ಲ್ಯಾಟ್‌ಹೆಡ್‌ನವರು ಬಿಸಿಯ ಬಗ್ಗೆ ಪಾಠ ಮಾಡುವುದಾ? ಎಕ್ಸಾಸ್ಟನ್ನು ಬ್ಲಾಕಿನ ನೀರಿನ ನಡುವೆಯೇ ಹಾಯಿಸಿದ ಎಂಜಿನ್ ಅದು. ರೇಡಿಯೇಟರ್ ಕುದಿಯದ ದಿನ ಯಾವುದಾದರೂ ಇದ್ದರೆ ಹೇಳಿ.

ಫ್ಲ್ಯಾಟ್‌ಹೆಡ್_ಭಕ್ತ:
ನೀರಿನ ದಾರಿ ಸರಿಯಾಗಿ ತೊಳೆದು, ಒಳಗಿನ ಹಳೇ ಎರಕದ ಮರಳು ತೆಗೆದರೆ ಕುದಿಯುವುದಿಲ್ಲ. ತೊಳೆಯದವರಿಗೆ ಕುದಿಯುತ್ತದೆ.

ಟೈಮಿಂಗ್_ಲೈಟ್:
ಜಗಳ ಆಮೇಲೆ ಆಡಿ. ಗೂಬೆಯವರೇ, ಸ್ಪಾರ್ಕ್? ಸ್ಪಾರ್ಕ್ ಕಟ್ಟುವುದು ರಗಳೆ ಅನ್ನಿಸಿದರೆ ಏರ್ ಕ್ಲೀನರ್ ತೆಗೆದು ಕಾರ್ಬ್ ಬಾಯಿಗೆ ಬಗ್ಗಿ, ಥ್ರಾಟಲ್ ಒಮ್ಮೆ ಒತ್ತಿ. ಪೆಟ್ರೋಲ್ ಚಿಮ್ಮಿದರೆ ಕಾರ್ಬಿನ ಬೌಲಿನಲ್ಲಿ ಪೆಟ್ರೋಲ್ ಇದೆ ಅಂತ.

ಗ್ಯಾರೇಜ್_ಗೂಬೆ:
ಒಂದು ವಾರ ಆಯಿತು. ಲೈನ್ ಸರಿಸಿದೆ, ಕವಚ ಹಾಕಿದೆ, ಸ್ಪೇಸರ್ ಇಟ್ಟೆ. ಎರಡು ಭಾನುವಾರ ಅದಕ್ಕೇ ಹೋಯಿತು. ಇವತ್ತು ಹೊರಟೆ. 22ನೇ ನಿಮಿಷಕ್ಕೆ ಸತ್ತಿತು. ಎರಡು ನಿಮಿಷ ಲಾಭ!

ಹಳೇ_ಕಾರ್ಬ್:
ನೋಡಿ, ಸುಧಾರಿಸಿದೆ. ಈಗ ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್ ಹಾಕಿ. ಎಳೆಯುವ ಬದಲು ತಳ್ಳಲಿ. ಕಾರ್ಬಿಗೆ 6 ಪಿಎಸ್‌ಐ ಆಸುಪಾಸು ಸಾಕು, ಮೇಲೆ ಹೋದರೆ ಕಾರ್ಬ್ ಒಳಗಿನ ನೀಡಲ್ ವಾಲ್ವ್ ತಡೆಯುವುದಿಲ್ಲ.

ಟೈಮಿಂಗ್_ಲೈಟ್:
ಮೂರನೇ ಸಲ ಕೇಳುತ್ತಿದ್ದೇನೆ. ಸ್ಪಾರ್ಕ್.

ಗ್ಯಾರೇಜ್_ಗೂಬೆ:
ಕ್ಷಮಿಸಿ ಸರ್, ರಸ್ತೆ ಬದಿಯಲ್ಲಿ ಪ್ಲಗ್ ಕಟ್ಟುವ ತಾಳ್ಮೆ ಇರಲಿಲ್ಲ. ಥ್ರಾಟಲ್ ಒತ್ತಿದೆ, ಚೆನ್ನಾಗಿ ಚಿಮ್ಮಿತು. ಇನ್ನೊಂದು ವಿಷಯ, ಮುಖ್ಯ ಅಲ್ಲ ಅಂದುಕೊಂಡು ಬರೆದಿರಲಿಲ್ಲ. ಸಾಯುವಾಗ ಟ್ಯಾಕೋಮೀಟರ್ ಮುಳ್ಳು ಠಪ್ ಅಂತ ಸೊನ್ನೆಗೆ ಬೀಳುತ್ತದೆ. ಅದು ಮಾಮೂಲಿ ಅಲ್ವಾ?

ಟೈಮಿಂಗ್_ಲೈಟ್:
ಅಯ್ಯೋ ದೇವರೇ. ಇದನ್ನು ಮೊದಲ ದಿನವೇ ಹೇಳಬೇಕಿತ್ತು.
ಕಾರು ಗೇರಿನಲ್ಲಿದೆ, ಚಕ್ರ ಉರುಳುತ್ತಿದೆ, ಎಂಜಿನ್ ಇನ್ನೂ ಸುತ್ತುತ್ತಿದೆ. ಹಾಗಿರುವಾಗ ಮುಳ್ಳು ನಿಧಾನವಾಗಿ ಇಳಿಯಬೇಕು. ಟ್ಯಾಕೋಮೀಟರಿಗೆ ಸಿಗ್ನಲ್ ಹೋಗುವುದು ಸ್ಪಾರ್ಕ್ ಹುಟ್ಟಿಸುವ ಕಾಯಿಲಿನಿಂದ. ಕಾಯಿಲಿನ ಮಿಡಿತ ನಿಂತರೆ ಮುಳ್ಳು ಒಂದೇ ಏಟಿಗೆ ಬೀಳುತ್ತದೆ. ಪೆಟ್ರೋಲ್ ಸಾಲದೆ ಹೋದರೆ ಕಾರು ಮುಗ್ಗರಿಸುತ್ತದೆ, ಕೆಮ್ಮುತ್ತದೆ, ಎರಡು ಸಲ ಎಳೆದಾಡಿ ಆಮೇಲೆ ನಿಲ್ಲುತ್ತದೆ. ನಿಮ್ಮದು ದೀಪ ಆರಿದ ಹಾಗೆ ನಿಲ್ಲುತ್ತಿದೆ. ಡಿಸ್ಟ್ರಿಬ್ಯೂಟರ್ ಎಚ್‌ಇಐ, ಅಂದರೆ ಕಾಯಿಲ್ ಮಿಡಿಸಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುವುದು, ಅಲ್ವಾ?

ಗ್ಯಾರೇಜ್_ಗೂಬೆ:
ಹೌದು, ಎಚ್‌ಇಐ. ಆದರೆ ಅದು ಇರಲಿಕ್ಕಿಲ್ಲ. ಮಾಡ್ಯೂಲ್ ಎರಡು ತಿಂಗಳ ಹಿಂದಷ್ಟೇ ಹೊಸದು ಹಾಕಿದ್ದೇನೆ. ಮೊದಲಿನದರಲ್ಲಿ ಸ್ವಲ್ಪ ಮಿಸ್ ಹೊಡೆಯುತ್ತಿತ್ತು.

ಟೈಮಿಂಗ್_ಲೈಟ್:
ಕಾರು ಹೀಗೆ ಸಾಯಲು ಶುರುವಾಗಿದ್ದು ಯಾವಾಗಿಂದ?

ಗ್ಯಾರೇಜ್_ಗೂಬೆ:
ಎರಡು ತಿಂಗಳಿಂದ.
ಓ.

ತುಕ್ಕು_ಮಿತ್ರ:
😂

ಟೈಮಿಂಗ್_ಲೈಟ್:
ಹಾಕುವಾಗ ಮಾಡ್ಯೂಲಿನ ತಳಕ್ಕೆ ಪೇಸ್ಟ್ ಹಚ್ಚಿದ್ರಾ? ಡಬ್ಬಿಯೊಳಗೆ ಪುಟ್ಟ ಸ್ಯಾಶೆ ಇರುತ್ತದೆ.

ಗ್ಯಾರೇಜ್_ಗೂಬೆ:
ಇತ್ತು. ಪ್ಲಗ್ ವೈರಿನ ಬೂಟಿಗೆ ಹಚ್ಚಲು ಕೊಟ್ಟಿದ್ದಾರೆ ಅಂದುಕೊಂಡು ಎಂಟೂ ಬೂಟಿನೊಳಗೆ ಸವರಿದೆ. ಸಾಲಲಿಲ್ಲ ಅಂತ ಬೈದುಕೊಂಡೆ ಕೂಡ.

ಟೈಮಿಂಗ್_ಲೈಟ್:
ಮಾಡ್ಯೂಲ್ ತನ್ನ ಬಿಸಿಯನ್ನು ತಳದ ಲೋಹದಿಂದ ಡಿಸ್ಟ್ರಿಬ್ಯೂಟರ್ ಹೌಸಿಂಗಿಗೆ ದಾಟಿಸಬೇಕು. ನಡುವೆ ಪೇಸ್ಟ್ ಇಲ್ಲದಿದ್ದರೆ ಆ ಬಿಸಿ ಒಳಗೇ ಕೂರುತ್ತದೆ. ಬಿಸಿಯಾದಾಗ ಕೈ ಕೊಡುತ್ತದೆ, ತಣ್ಣಗಾದಾಗ ಸಾಧುವಾಗುತ್ತದೆ. ಜೊತೆಗೆ 32ರಲ್ಲಿ ಆ ದೊಡ್ಡ ಕ್ಯಾಪ್ ಹಿಂದೆ ಫೈರ್‌ವಾಲಿಗೆ ಒತ್ತಿಕೊಂಡೇ ಇರುತ್ತದೆ, ಗಾಳಿ ಆಡುವುದಿಲ್ಲ. ಕ್ಯಾಪ್, ರೋಟರ್ ತೆಗೆಯಿರಿ. ಮಾಡ್ಯೂಲಿಗೆ ಎರಡೇ ಸ್ಕ್ರೂ. ತಳ ಉಜ್ಜಿ ತೊಳೆದು ತೆಳ್ಳಗೆ ಪೇಸ್ಟ್ ಹಚ್ಚಿ ಕೂರಿಸಿ. ಬಿಚ್ಚಿದಾಗಲೇ ಮಾಡ್ಯೂಲಿಗೆ ಸಿಗ್ನಲ್ ಕೊಡುವ ಪಿಕಪ್ ಕಾಯಿಲ್ ಅಳೆದುಬಿಡಿ, 500ರಿಂದ 1500 ಓಮ್ ಒಳಗೆ ಬರಬೇಕು. ಅಳೆಯುವಾಗ ಅದರ ವೈರ್ ಸ್ವಲ್ಪ ಅಲ್ಲಾಡಿಸಿ, ಒಳಗೇ ತುಂಡಾಗಿರುವುದೂ ಉಂಟು.

ತುಕ್ಕು_ಮಿತ್ರ:
ಪೇಸ್ಟ್ ಇಲ್ಲದಿದ್ದರೆ ಕಂಪ್ಯೂಟರ್ ಪ್ರೊಸೆಸರಿಗೆ ಹಚ್ಚುವುದೇ ನಡೆಯುತ್ತದೆ. ನಾನು ಅದನ್ನೇ ಹಾಕಿದ್ದೇನೆ.

ಫ್ಲ್ಯಾಟ್‌ಹೆಡ್_ಭಕ್ತ:
ನನ್ನದರಲ್ಲಿ ಪಾಯಿಂಟ್ಸ್, ಕಾಯಿಲಿನ ಕರೆಂಟ್ ಕಡಿಯುವ ಹಳೇ ಯಾಂತ್ರಿಕ ಸ್ವಿಚ್. ಮಾಡ್ಯೂಲೂ ಇಲ್ಲ, ಪೇಸ್ಟೂ ಇಲ್ಲ. ಸುಮ್ನೆ ಹೇಳಿದೆ.

ಗ್ಯಾರೇಜ್_ಗೂಬೆ:
ಬಿಚ್ಚಿದೆ. ಮಾಡ್ಯೂಲಿನ ತಳ ಒಣಗಿ ಕೂತಿತ್ತು. ಸುತ್ತಲೂ ಕುಂಕುಮದಂಥ ಕೆಂಪು ಪುಡಿ, ಸ್ಪಾರ್ಕಿನ ಸಮಯ ಹೊಂದಿಸುವ ಅಡ್ವಾನ್ಸ್ ತೂಕಗಳು ತಿಕ್ಕಿ ಉದುರಿದ ತುಕ್ಕು ಅನ್ನಿಸುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಬೆರಳೆಲ್ಲ ಕೆಂಪು. ಪಿಕಪ್ 810 ಓಮ್, ಅಲ್ಲಾಡಿಸಿದರೂ ಕದಲಲಿಲ್ಲ. ಪೇಸ್ಟ್ ಹಚ್ಚಿ ಕೂರಿಸಿ ಹೊರಟೆ. 20 ದಾಟಿತು, 30 ದಾಟಿತು. ಹಿಂದೆ ಸತ್ತ ಜಾಗ ಬಂದಾಗ ಉಸಿರು ಹಿಡಿದಿದ್ದೆ. 55 ನಿಮಿಷ ಓಡಿಸಿ ನಾನೇ ಆಫ್ ಮಾಡಿದೆ, ಬಿಸಿಯಲ್ಲೇ ಮತ್ತೆ ಸ್ಟಾರ್ಟ್ ಮಾಡಿದೆ.

ಹಳೇ_ಕಾರ್ಬ್:
ಸ್ಪೇಸರ್ ಇದ್ದದ್ದರಿಂದ 55. ಇಲ್ಲದಿದ್ದರೆ 40ಕ್ಕೇ ನಿಲ್ಲುತ್ತಿತ್ತು.

ಟೈಮಿಂಗ್_ಲೈಟ್:
ನಮಸ್ಕಾರ ನಿಮಗೆ. ಗೂಬೆಯವರೇ, ಆ ಮಾಡ್ಯೂಲ್ ಎರಡು ತಿಂಗಳು ಬೆಂದಿದೆ, ಜಾಸ್ತಿ ನಂಬಬೇಡಿ. ಇನ್ನೊಂದನ್ನು, ಒಂದು ಸ್ಕ್ರೂಡ್ರೈವರನ್ನು ಕಾರಿನಲ್ಲೇ ಇಟ್ಟಿರಿ.

ಗ್ಯಾರೇಜ್_ಗೂಬೆ:
ಇಡುತ್ತೇನೆ ಸರ್. ಈಗ ಹೊಸ ತಕರಾರು. ಸ್ಪೇಸರ್ ಒಂದಿಂಚು ಎತ್ತಿದ್ದರಿಂದ ಏರ್ ಕ್ಲೀನರ್ ಬಾನೆಟ್ಟಿಗೆ ತಾಗುತ್ತಿದೆ. ಬಣ್ಣ ಕೆರೆದುಹೋಗಿದೆ. ಸ್ಪೇಸರ್ ತೆಗೆಯಲಾ?

ಹಳೇ_ಕಾರ್ಬ್:
ಬಾನೆಟ್ ತೆಗೆಯಿರಿ. ಹಾಟ್ ರಾಡಿಗೆ ಬಾನೆಟ್ ಯಾಕೆ?