ಬ್ಲೇಜನ್ (ಲಾಂಛನದ ಗುರಾಣಿ ಹೇಗಿರಬೇಕು ಅಂತ ಪದಗಳಲ್ಲಿ ಹೇಳುವ ವರ್ಣನೆ) ನೋಡಿಕೊಂಡೇ ಬಿಡಿಸಿದ್ದು, ಆದರೂ ಗುರಾಣಿ ತಪ್ಪಂತೆ. ಸಹಾಯ ಮಾಡಿ

ಗುರಾಣಿ_ಗೀಳು: ಮೂರು ರಾತ್ರಿ ಕೂತು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಇಂಗ್ಲೆಂಡಿನ ಸ್ಕ್ರೋಪ್ ಮನೆತನದ ಗುರಾಣಿ ಬಿಡಿಸಿದೆ. ಬ್ಲೇಜನ್ ಇರುವುದೇ ನಾಲ್ಕು ಪದ: "ಆಜ್ಯೂರ್, ಎ ಬೆಂಡ್ ಆರ್". ಆಜ್ಯೂರ್ ಅಂದ್ರೆ ನೀಲಿ ನೆಲ, ಬೆಂಡ್ ಅಂದ್ರೆ ಅದರ ಮೇಲಿನ ಓರೆ ಪಟ್ಟಿ, ಆರ್ ಅಂದ್ರೆ ಬಂಗಾರ. ಅಷ್ಟೇ ಅಲ್ವಾ? ಗೊತ್ತಿರುವವರೊಬ್ಬರಿಗೆ ತೋರಿಸಿದರೆ "ಇದು ಸ್ಕ್ರೋಪ್ ಅಲ್ಲ" ಅಂದುಬಿಟ್ಟರು. ಯಾಕೆ ಅಂತ ಹೇಳಲಿಲ್ಲ. ತಲೆ ಕೆಟ್ಟುಹೋಗಿದೆ.

ಬಣ್ಣದ_ಡಬ್ಬಿ: ಬಣ್ಣದ್ದೇ ತೊಂದರೆ. ಪಟ್ಟಿಯ ಸುತ್ತ ಬಿಳಿ ಅಂಚು ಬಿಟ್ಟಿದ್ದೀರಾ? ಬಿಳಿ ಅಂದ್ರೆ ಬೆಳ್ಳಿ, ಹಳದಿ ಅಂದ್ರೆ ಬಂಗಾರ, ಎರಡೂ ಲೋಹ. ಲೋಹದ ಮೇಲೆ ಲೋಹ ಹಾಕಬಾರದು.

ಗುರಾಣಿ_ಗೀಳು: ಅಂಚೇ ಇಲ್ಲ ಸರ್. ನೀಲಿ ಮೇಲೆ ಹಳದಿ, ಅಷ್ಟೇ.

ಬಣ್ಣದ_ಡಬ್ಬಿ: ಯಾವ ನೀಲಿ? ಕಲರ್ ಕೋಡ್ ಹಾಕಿ.

ಹಳೇ_ಮುದ್ರೆ: ಕೋಡ್ ಯಾಕೆ? ಬ್ಲೇಜನ್‌ನಲ್ಲಿ ಬಣ್ಣದ ಹೆಸರು ಮಾತ್ರ ಇರುತ್ತದೆ, ಇಂಥದ್ದೇ ಛಾಯೆ ಅಂತ ಇಲ್ಲ. ಹಳದಿ ಬಳಿದರೂ ಚಿನ್ನದ ರೇಕು ಅಂಟಿಸಿದರೂ ಅದು ಆರ್.

ಬಣ್ಣದ_ಡಬ್ಬಿ: ಒಪ್ಪುವುದಿಲ್ಲ. ನಾನು ಮಾನಿಟರ್ ಕ್ಯಾಲಿಬ್ರೇಟ್ ಮಾಡದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ. ಹೋದ ತಿಂಗಳು ತೇಗದ ಹಲಗೆ ಮೇಲೆ ನಿಜವಾದ ಚಿನ್ನದ ರೇಕು ಕೂರಿಸಿ ಹನ್ನೆರಡು ಗುರಾಣಿ ಮಾಡಿದ್ದೇನೆ, ಹಳದಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಹಳೇ_ಮುದ್ರೆ: ಚೆನ್ನಾಗೇ ಇರುತ್ತದೆ, ಆದರೆ ಇಲ್ಲಿನ ಪ್ರಶ್ನೆ ಅದಲ್ಲ. ಗುರಾಣಿ_ಗೀಳು, ನೀವು ಚಿತ್ರ ಹಾಕಿಲ್ಲ. ಪಟ್ಟಿ ಯಾವ ಮೂಲೆಯಿಂದ ಇಳಿಯುತ್ತದೆ?

ಗುರಾಣಿ_ಗೀಳು: ಬಲಗಡೆ ಮೇಲಿಂದ ಎಡಗಡೆ ಕೆಳಕ್ಕೆ. ಬೆಂಡ್ ಶುರುವಾಗುವುದು ಡೆಕ್ಸ್ಟರ್ ಕಡೆಯಿಂದ, ಡೆಕ್ಸ್ಟರ್ ಅಂದ್ರೆ ಬಲ. ಸರಿ ತಾನೇ?

ಹಳೇ_ಮುದ್ರೆ: ಯಾರ ಬಲ? ಗುರಾಣಿ ಹಿಡಿದವನ ಬಲ! ನೋಡುವವರಿಗೆ ಅದು ಎಡ. ಊಟದ ತಟ್ಟೆಯನ್ನ ಎದೆಗೆ ಹಿಡಿದು, ನಿಮ್ಮ ಬಲಗೈ ಕಡೆ ಮೇಲೊಂದು ಬೊಟ್ಟು ಇಟ್ಟುಕೊಳ್ಳಿ. ಮನೆಯವರನ್ನ ಎದುರಿಗೆ ನಿಲ್ಲಿಸಿ ಯಾವ ಕಡೆ ಕಾಣುತ್ತದೆ ಅಂತ ಕೇಳಿ. ನೀವು ಬಿಡಿಸಿರುವುದು ಬೆಂಡ್ ಸಿನಿಸ್ಟರ್, ಅಂದ್ರೆ ಎದುರು ಮೂಲೆಯಿಂದ ಇಳಿಯುವ ಪಟ್ಟಿ, ಅದು ಬೇರೆಯೇ ಚಿಹ್ನೆ. ಈ ನಾಲ್ಕು ಪದದ ಗುರಾಣಿ ತಮ್ಮದೇ ಅಂತ ಸ್ಕ್ರೋಪ್ ಮತ್ತು ಗ್ರೋವ್ನರ್ ಅನ್ನುವ ಇನ್ನೊಂದು ಮನೆತನದವರು 1385ರಿಂದ 1390ರವರೆಗೆ ಕೋರ್ಟಿನಲ್ಲಿ ಬಡಿದಾಡಿದರು. ಕವಿ ಚಾಸರ್ ಕೂಡ 1386ರಲ್ಲಿ ಸಾಕ್ಷಿ ಹೇಳಿದ: ಲಂಡನ್ನಿನ ಫ್ರೈಡೇ ಸ್ಟ್ರೀಟಿನಲ್ಲಿ ಈ ಗುರಾಣಿ ತೂಗುಹಾಕಿದ್ದು ಕಂಡು ಸ್ಕ್ರೋಪ್‌ದು ಅಂದುಕೊಂಡನಂತೆ, ವಿಚಾರಿಸಿದರೆ ಗ್ರೋವ್ನರ್‌ದು ಅಂದರಂತೆ.

ಗುರಾಣಿ_ಗೀಳು: ಅಯ್ಯೋ, ಇದು ಹೊಳೆಯಲೇ ಇಲ್ಲ! ಫೋಲ್ಡರ್‌ನಲ್ಲಿದ್ದ ಎಲ್ಲವನ್ನೂ ಅಡ್ಡಕ್ಕೆ ಫ್ಲಿಪ್ ಮಾಡಿದೆ, ಸ್ಕ್ರೋಪ್ ಸರಿಹೋಯಿತು. ಈಗ ಸ್ಕಾಟ್ಲೆಂಡ್ ರಾಜರ ಕೆಂಪು ಸಿಂಹ ಬಲಕ್ಕೆ ತಿರುಗಿದೆ. ಅದನ್ನ ಹಳೇ ಫೋಟೋ ಮೇಲೆ ಟ್ರೇಸ್ ಮಾಡಿದ್ದೆ.

ಹಳೇ_ಮುದ್ರೆ: ಸಿಂಹವನ್ನ ವಾಪಸ್ ತಿರುಗಿಸಿ. ಬ್ಲೇಜನ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಪ್ರಾಣಿಯ ಮುಖ ಡೆಕ್ಸ್ಟರ್ ಕಡೆಗೇ, ಅಂದ್ರೆ ನಮ್ಮ ಎಡಕ್ಕೆ.