ಬ್ಯಾಂಕಾಕ್‌ಗೆ ಹೊರಟಿರೋ ಅಪ್ಪ-ಅಮ್ಮ: ಟ್ಯಾಕ್ಸಿಗೆ ದುಪ್ಪಟ್ಟು ಕೊಡದೆ ಹೋಟೆಲ್ ಸೇರೋದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಟೂರ್ ಮ್ಯಾನೇಜರ್ ಅಣ್ಣ ಈ ಗುಂಪಲ್ಲಿ ಇದ್ದಾರೆ ಅಂತ ಗೊತ್ತಾಗಿ ಕೇಳ್ತಾ ಇದ್ದೀನಿ. ನನ್ನ ಅಪ್ಪ-ಅಮ್ಮ ಮುಂದಿನ ತಿಂಗಳು ಬ್ಯಾಂಕಾಕ್‌ಗೆ ಹೊರಟಿದ್ದಾರೆ. ಅಪ್ಪಂಗೆ 66, ಅಮ್ಮಂಗೆ 61. ಅಡಿಕೆ ಕೊಯ್ಲು ಮುಗಿಸಿ ಒಂದ್ಸಲ ಹೊರದೇಶ ನೋಡಬೇಕು ಅಂತ ಅಮ್ಮನ ಬಹಳ ವರ್ಷದ ಆಸೆ. ಪ್ಯಾಕೇಜ್ ಬೇಡ, ಬೆಳಗ್ಗೆ ಐದಕ್ಕೆ ಎಬ್ಬಿಸಿ ಓಡಿಸ್ತಾರೆ, ನಾವೇ ನಿಧಾನಕ್ಕೆ ನೋಡ್ತೀವಿ ಅಂತ ಅಪ್ಪ. ವಿಮಾನ ರಾತ್ರಿ ಹತ್ತೂವರೆಗೆ ಸುವರ್ಣಭೂಮಿ ಏರ್‌ಪೋರ್ಟಲ್ಲಿ ಇಳಿಯುತ್ತೆ. ಹೋಟೆಲ್ ಸುಖುಮ್‌ವಿತ್ ರಸ್ತೆ ಹತ್ತಿರ. ನಮ್ಮ ಪಕ್ಕದ ಮನೆಯವರು ಹೋದ ವರ್ಷ ಅಲ್ಲಿಗೇ 1,200 ಬಾತ್ ಕೊಟ್ಟು ಹೋದರಂತೆ. ಅಪ್ಪ ಚೌಕಾಸಿ ಮಾಡೋ ಮನುಷ್ಯ ಅಲ್ಲ, ಯಾರಾದ್ರೂ ನಗ್ತಾ "ಬನ್ನಿ ಸರ್" ಅಂದ್ರೆ ಹಿಂದೆ ಹೋಗಿಬಿಡ್ತಾರೆ. ನನಗೆ ಅದೇ ಚಿಂತೆ.

ಉತ್ತರ (ಸಾಗರದ ಟೂರ್ ಮ್ಯಾನೇಜರ್, ಮೊದಲು ಶಿವಮೊಗ್ಗದಲ್ಲಿ ಟ್ಯಾಕ್ಸಿ ಓಡಿಸ್ತಿದ್ದವರು)

ತಂಗಿ, ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತೆ. ನಮ್ಮ ಕಡೆ ಹಿರಿಯರಿಗೆ ಎದುರು ನಿಂತು "ಜಾಸ್ತಿ ಆಯ್ತು" ಅನ್ನೋಕೆ ಸಂಕೋಚ. ಅದಕ್ಕೇ ನಾನು ಚೌಕಾಸಿ ಹೇಳಿಕೊಡಲ್ಲ. ಚೌಕಾಸಿ ಮಾಡೋ ಸಂದರ್ಭವೇ ಬರದ ಹಾಗೆ ಎಲ್ಲಿ ನಿಲ್ಲಬೇಕು ಅನ್ನೋದನ್ನ ಹೇಳ್ತೀನಿ. ಟ್ಯಾಕ್ಸಿ ದುಡ್ಡು ಹೆಚ್ಚಾಗೋದು ಕಾರು ಓಡೋವಾಗ ಅಲ್ಲ, ಕಾರು ಹತ್ತೋಕೆ ಮುಂಚಿನ ಎರಡು ನಿಮಿಷದಲ್ಲಿ.

ನಾನೂ ಸ್ಟ್ಯಾಂಡಲ್ಲಿ ನಿಂತವನು. ಶಿವಮೊಗ್ಗ ಬಸ್‌ಸ್ಟ್ಯಾಂಡ್ ಎದುರು ಗಾಡಿ ಹಾಕ್ಕೊಂಡಿದ್ದಾಗ ಗಿರಾಕಿ ಬಾಯಿ ಬಿಡೋ ಮೊದಲೇ ನಮಗೆ ಗೊತ್ತಾಗ್ತಿತ್ತು. ಚೀಲ ಕೆಳಗಿಟ್ಟು ಸುತ್ತ ನೋಡೋರು ಹೊಸಬರು. "ಜೋಗಕ್ಕೆ ಎಷ್ಟು?" ಅಂದ್ರೆ ನಾಲ್ಕು ಕಡೆ ಕೇಳಿ ಬಂದೋರು. "ಜೋಗ ಇಲ್ಲಿಂದ ಎಷ್ಟು ದೂರ?" ಅಂದ್ರೆ ಅವರಿಗೆ ದರ ಗೊತ್ತಿಲ್ಲ ಅಂತ ಲೆಕ್ಕ. ಜೋಗ ನೂರು ಕಿ.ಮೀ. ಆಸುಪಾಸು, ಆದರೆ ಹಾಗೆ ಕೇಳಿದವರಿಗೆ 130 ಅಂತ ಹೇಳಿದ್ದನ್ನ ನಾನೇ ಕಿವಿಯಾರೆ ಕೇಳಿದ್ದೀನಿ. ಬ್ಯಾಂಕಾಕಲ್ಲೂ ಬಾಗಿಲ ಬಳಿ ನಿಂತಿರೋ ದಲ್ಲಾಳಿಗಳು ನೋಡೋದು ಇದನ್ನೇ.

ಈಗ ಸುವರ್ಣಭೂಮಿ. ಸಾಮಾನು ತಗೊಂಡು ಹೊರಗೆ ಬರೋದು ಎರಡನೇ ಅಂತಸ್ತಿಗೆ. ಅಲ್ಲಿ "ಟ್ಯಾಕ್ಸಿ, ಟ್ಯಾಕ್ಸಿ" ಅಂತ ಬರೋರ ಕೈಲಿ ಪ್ಲಾಸ್ಟಿಕ್ ಹೊದಿಸಿದ ದರಪಟ್ಟಿ ಇರುತ್ತೆ, ಕೊರಳಲ್ಲಿ ಕಾರ್ಡೂ ಇರುತ್ತೆ. ಮೊದಲ ಸಲ ಹೋದಾಗ ನಾನೂ ಅದನ್ನ ಸರ್ಕಾರದ ಪಟ್ಟಿ ಅಂದುಕೊಂಡೆ. ನನ್ನ ಜೊತೆ ಸಾಗರದ ಒಂದು ಕುಟುಂಬ ಇತ್ತು. 1,000 ಬಾತ್ ಕೊಟ್ವಿ. ಕಾರಲ್ಲಿ ಕೂತ ಮೇಲೆ ನೋಡಿದ್ರೆ ಮೀಟರ್ ಮೇಲೆ ಮುಖ ಒರೆಸೋ ಟವೆಲ್ ಮಡಚಿ ಹಾಕಿದ್ದ. ಟವೆಲ್ ಅಂಚಿನ ಕೆಳಗೆ ಆರಿದ ಮೀಟರಿನ ಕಪ್ಪು ಗಾಜು ಮಾತ್ರ ಕಾಣ್ತಿತ್ತು. ಆವತ್ತು ಆ ಕುಟುಂಬದ ಅಜ್ಜಿ "ಬಿಡಪ್ಪ, ಸುರಕ್ಷಿತವಾಗಿ ಬಂದ್ವಲ್ಲ" ಅಂದ್ರು. ನನಗೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಯಾಕಂದ್ರೆ ಅವರು ನನ್ನ ನಂಬಿ ಬಂದವರು.

ಅಪ್ಪಂಗೆ ಹೇಳಿ: ಎರಡನೇ ಅಂತಸ್ತಲ್ಲಿ ಯಾರ ಜೊತೆಗೂ ಮಾತು ಬೇಡ, ತಲೆ ಅಲ್ಲಾಡಿಸಿಕೊಂಡು ಮುಂದೆ ನಡೀರಿ, ಇನ್ನೊಂದು ಅಂತಸ್ತು ಇಳಿದು ಒಂದನೇ ಅಂತಸ್ತಿಗೆ ಬನ್ನಿ. ಬಾಗಿಲ ಹೊರಗೆ ಚೀಟಿ ಕೊಡೋ ಯಂತ್ರಗಳಿವೆ. ಗುಂಡಿ ಒತ್ತಿದ್ರೆ ಚೀಟಿ ಬರುತ್ತೆ, ಅದರಲ್ಲಿ ಸಾಲಿನ ನಂಬರ್ ಇರುತ್ತೆ, ಆ ನಂಬರಿನ ಜಾಗದಲ್ಲಿ ನಿಮ್ಮ ಟ್ಯಾಕ್ಸಿ ನಿಂತಿರುತ್ತೆ. ಚೀಟಿಯಲ್ಲಿ ಗಾಡಿ ವಿವರ ಇರುತ್ತೆ, ಅದನ್ನ ಹೋಟೆಲ್ ತಲುಪೋವರೆಗೂ ಜೇಬಲ್ಲಿ ಇಟ್ಕೊಳ್ಳಲಿ. ಡ್ರೈವರ್ "ಚೀಟಿ ಕೊಡಿ" ಅಂದ್ರೆ ಅಮ್ಮ ಮೊಬೈಲಲ್ಲಿ ಒಂದು ಫೋಟೊ ತೆಗೆದು ಆಮೇಲೆ ತೋರಿಸಲಿ.

ಹತ್ತಿದ ಕೂಡ್ಲೆ ಕಣ್ಣು ಮೀಟರ್ ಮೇಲೆ. ಸಣ್ಣ ಕಾರಿನ ಮೀಟರ್ 35 ಬಾತ್‌ನಿಂದ ಶುರು ಆಗಬೇಕು. 35 ಕಾಣ್ತಾ ಇಲ್ಲ, ಅಥವಾ ಆಗಲೇ ನೂರು ಚಿಲ್ಲರೆ ತೋರಿಸ್ತಾ ಇದೆ ಅಂದ್ರೆ ಬೆರಳು ತೋರಿಸಿ "ಮೀಟರ್" ಅಂದ್ರೆ ಸಾಕು, ಅಲ್ಲಿ ಆ ಪದ ಎಲ್ಲರಿಗೂ ಗೊತ್ತು. ಕೊನೆಗೆ ಕೊಡೋದು ಮೀಟರ್ ತೋರಿಸಿದ್ದು, ಅದರ ಮೇಲೆ 50 ಬಾತ್ ಏರ್‌ಪೋರ್ಟ್ ಶುಲ್ಕ, ಹೈವೇಲಿ ಹೋದ್ರೆ ಟೋಲ್. ಈ 50 ಬಾತ್ ಮೋಸ ಅಲ್ಲ, ನಿಯಮವೇ ಹಾಗಿದೆ, ಅದಕ್ಕೆ ಜಗಳ ಆಡಬೇಡಿ. ವಾಪಸ್ ಏರ್‌ಪೋರ್ಟಿಗೆ ಹೋಗೋವಾಗ ಆ 50 ಇಲ್ಲ. ಸುಖುಮ್‌ವಿತ್‌ವರೆಗೆ ಎಲ್ಲ ಸೇರಿ ನಾನೂರು ಬಾತ್ ಆಸುಪಾಸು ಅಂತ ಇಟ್ಕೊಳ್ಳಿ. ಟ್ರಾಫಿಕ್ ಇದ್ರೆ ಸ್ವಲ್ಪ ಮೇಲೆ. ಪಕ್ಕದ ಮನೆಯವರ 1,200 ಎಲ್ಲಿಂದ ಬಂತು ಅಂತ ಈಗ ನಿಮಗೇ ಗೊತ್ತಾಗುತ್ತೆ.

ಒಂದು ಮುಖ್ಯ ವಿಷಯ, ನೋಟು. ಮನಿ ಎಕ್ಸ್‌ಚೇಂಜಲ್ಲಿ ಎಲ್ಲ 1,000 ಬಾತ್ ನೋಟೇ ಕೊಡ್ತಾರೆ. ರಾತ್ರಿ ಡ್ರೈವರ್ "ಚಿಲ್ಲರೆ ಇಲ್ಲ" ಅಂದ್ರೆ ಉಳಿದ ಆರುನೂರು ಹೋಯ್ತು. ವಿಮಾನ ನಿಲ್ದಾಣದಲ್ಲೇ ಎರಡು ನೀರಿನ ಬಾಟಲ್ ತಗೊಂಡು ನೋಟು ಮುರಿಸಿಕೊಳ್ಳಲಿ. 20 ಹಸಿರು, 50 ನೀಲಿ, 100 ಕೆಂಪು, 500 ನೇರಳೆ. ಅಮ್ಮ ಮನೇಲೇ ಬಣ್ಣ ನೋಡಿ ಅಭ್ಯಾಸ ಮಾಡ್ಕೊಂಡ್ರೆ ಒಳ್ಳೇದು.

ಮರುಪ್ರಶ್ನೆ (ತೀರ್ಥಹಳ್ಳಿ)

ತುಂಬಾ ಉಪಕಾರ ಆಯ್ತು ಅಣ್ಣ. ರೈಲೂ ಇದೆ ಅಂತಾರಲ್ಲ? ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದ್ರೆ ಇನ್ನೂ ಸುಲಭ ಅಲ್ವಾ? ಊರೊಳಗೆ ತಿರುಗೋಕೆ ಎಂತ ಮಾಡೋದು?

ಉತ್ತರ

ರೈಲು ಇದೆ. ಏರ್‌ಪೋರ್ಟ್ ರೈಲ್ ಲಿಂಕ್ ಅಂತ, ನೆಲಮಾಳಿಗೆಯಿಂದ ಹತ್ತೋದು, ಕೊನೇ ನಿಲ್ದಾಣ ಫಾಯಾ ಥಾಯ್, ಅಲ್ಲಿಗೂ 45 ಬಾತ್ ಅಷ್ಟೇ. ಹಗಲು ಇಳಿದಿದ್ರೆ ಅದನ್ನೇ ಹೇಳ್ತಿದ್ದೆ. ಆದರೆ ರಾತ್ರಿ ಹತ್ತೂವರೆಗೆ ಇಳಿದು, ಇಮಿಗ್ರೇಷನ್ ಮುಗಿಸಿ, ಸಾಮಾನು ತಗೊಂಡು ಬರೋ ಹೊತ್ತಿಗೆ ಹನ್ನೆರಡರ ಹತ್ತಿರ ಆಗಿರುತ್ತೆ. ಅಷ್ಟು ಹೊತ್ತಲ್ಲಿ ಆ ವಯಸ್ಸಿನವರು ಸೂಟ್‌ಕೇಸ್ ಎಳ್ಕೊಂಡು ರೈಲು ಬದಲಾಯಿಸೋದು ಬೇಡ. ಇಬ್ಬರಿಗೆ ಸೇರಿ ಮುನ್ನೂರು ಬಾತ್ ಉಳಿಸೋಕೆ ಹೋಗಿ ಮಂಡಿನೋವು ತರಿಸ್ಕೊಳ್ಳೋದು ಬೇಡ.

ಆ್ಯಪ್ ಒಳ್ಳೇದೇ. ಅಲ್ಲಿ ಗ್ರ್ಯಾಬ್ ಚೆನ್ನಾಗಿ ನಡೆಯುತ್ತೆ, ಬೋಲ್ಟ್ ಕೂಡ ಇದೆ. ನೀವು ಇಲ್ಲೇ, ತೀರ್ಥಹಳ್ಳೀಲೇ ಅಪ್ಪನ ಮೊಬೈಲಿಗೆ ಹಾಕಿ, ಅವರ ನಂಬರಿಗೆ ಬರೋ ಒಟಿಪಿ ಕೊಟ್ಟು ಖಾತೆ ತೆರೆದುಬಿಡಿ. ಅಲ್ಲಿ ಇಳಿದು ಬೇರೆ ಸಿಮ್ ಹಾಕಿದ ಮೇಲೆ ಒಟಿಪಿ ಬರದೆ ಒದ್ದಾಡಿದವರನ್ನ ಬಹಳ ನೋಡಿದ್ದೀನಿ. ದುಡ್ಡನ್ನ ನಗದಾಗೇ ಕೊಡಬಹುದು. ಡ್ರೈವರ್ "ಬುಕಿಂಗ್ ಕ್ಯಾನ್ಸಲ್ ಮಾಡಿ, ನನಗೇ ಕೊಡಿ" ಅಂದ್ರೆ ಒಪ್ಪಬೇಡಿ. ಕ್ಯಾನ್ಸಲ್ ಆದ ಮೇಲೆ ದರಕ್ಕೂ ಸಾಕ್ಷಿ ಇಲ್ಲ, ಯಾರ ಕಾರಲ್ಲಿ ಕೂತಿದ್ದೀರಿ ಅನ್ನೋದಕ್ಕೂ ಸಾಕ್ಷಿ ಇಲ್ಲ.

ಊರೊಳಗೆ ಒಂದೇ ಸೂತ್ರ: ನಿಂತ ಟ್ಯಾಕ್ಸಿ ಬಿಟ್ಟು ಓಡ್ತಾ ಬರೋ ಟ್ಯಾಕ್ಸಿಗೆ ಕೈ ತೋರಿಸಿ. ದೊಡ್ಡ ಹೋಟೆಲ್ ಮುಂದೆ, ಗ್ರ್ಯಾಂಡ್ ಪ್ಯಾಲೇಸ್ ಅರಮನೆ ಮುಂದೆ, ಮಾಲ್ ಬಾಗಿಲಲ್ಲಿ ಗಂಟೆಗಟ್ಟಲೆ ನಿಂತಿರೋನು ಒಂದು ದೊಡ್ಡ ಬಾಡಿಗೆಗೆ ಕಾಯ್ತಾ ಇರ್ತಾನೆ. ಅವನು ಕಾದ ಹೊತ್ತಿನ ದುಡ್ಡೂ ನಿಮ್ಮಿಂದಲೇ ಬರಬೇಕು. ಐವತ್ತು ಹೆಜ್ಜೆ ನಡೆದು ರಸ್ತೆಗೆ ಬಂದ್ರೆ ಮುಂಗಾಜಿನಲ್ಲಿ ಕೆಂಪು ದೀಪ ಹತ್ತಿಸಿಕೊಂಡು ಬರ್ತಾ ಇರ್ತಾವೆ. ಕೆಂಪು ದೀಪ ಅಂದ್ರೆ ಖಾಲಿ ಇದೆ ಅಂತ. ಬಾಗಿಲು ತೆಗೆದು ಜಾಗದ ಹೆಸರು ಹೇಳಿ. ಅವನು ಮೀಟರ್ ಬಿಟ್ಟು ಒಂದು ಮೊತ್ತ ಹೇಳಿದ್ರೆ ಬಾಗಿಲು ಹಾಕಿ ಮುಂದಿನದಕ್ಕೆ ಕೈ ತೋರಿಸಿ. ಬಾಗಿಲು ಹಾಕೋದು ಅಲ್ಲಿ ಅಗೌರವ ಅಲ್ಲ, ದಿನಾ ನಡೆಯೋದು.

ಸಂಜೆ ಐದರಿಂದ ಏಳರವರೆಗೆ, ಮಳೆ ಬಂದಾಗ, ಮೀಟರ್ ಹಾಕೋಕೆ ಯಾರೂ ಒಪ್ಪಲ್ಲ. ಅಲ್ಲಿ ಬಹಳ ಡ್ರೈವರ್‌ಗಳು ಮಾಲೀಕರ ಕಾರನ್ನ ಪಾಳಿ ಲೆಕ್ಕದಲ್ಲಿ ಬಾಡಿಗೆಗೆ ತಗೊಂಡಿರ್ತಾರೆ. ಟ್ರಾಫಿಕ್ಕಲ್ಲಿ ನಿಂತಾಗ ಮೀಟರ್ ನಿಮಿಷಕ್ಕೆ ಮೂರೇ ಬಾತ್ ಏರುತ್ತೆ, ಅವನಿಗೆ ಕೈಯಿಂದಲೇ ಹೋಗುತ್ತೆ. ಅವನ ಕಷ್ಟ ನಿಜ. ಅದಕ್ಕೆ ಪರಿಹಾರ ನಿಮ್ಮ ಜೇಬಲ್ಲ, ಮೇಲೆ ಓಡೋ ಬಿಟಿಎಸ್ ರೈಲು. ಸುಖುಮ್‌ವಿತ್ ರಸ್ತೆ ಉದ್ದಕ್ಕೂ ಇದೆ.

ತುಕ್‌ತುಕ್ ಅಂದ್ರೆ ನಮ್ಮ ಆಟೋ ಥರದ್ದು, ಮೀಟರ್ ಇಲ್ಲ. ಒಂದ್ಸಲ ಮೋಜಿಗೆ ಹತ್ತಲಿ, ದರ ಮೊದಲೇ ಮಾತಾಡಿ. ಆದರೆ ಅರಮನೆ ಹತ್ತಿರ ಒಬ್ಬ ಸಭ್ಯ ಮನುಷ್ಯ ಬಂದು "ಇವತ್ತು ಪೂಜೆ ಇದೆ, ಅರಮನೆ ಮುಚ್ಚಿದೆ, 20 ಬಾತ್‌ಗೆ ತುಕ್‌ತುಕ್ಕಲ್ಲಿ ಬೇರೆ ದೇವಸ್ಥಾನ ತೋರಿಸ್ತಾರೆ" ಅಂತಾನೆ. ಇದನ್ನ ಅಪ್ಪಂಗೆ ಎರಡು ಸಲ ಹೇಳಿ. ಆ 20 ಬಾತ್ ಸವಾರಿ ಹೋಗಿ ನಿಲ್ಲೋದು ಹರಳಿನ ಅಂಗಡೀಲಿ, ಇಲ್ಲಾ ಸೂಟ್ ಹೊಲಿಯೋ ಅಂಗಡೀಲಿ. ಗಿರಾಕಿ ತಂದಿದ್ದಕ್ಕೆ ತುಕ್‌ತುಕ್‌ನವನಿಗೆ ಕಮಿಷನ್. ಪೂಜೆ, ದೇವಸ್ಥಾನ ಅಂದ್ರೆ ನಮ್ಮ ಹಿರಿಯರು ನಂಬಿಬಿಡ್ತಾರೆ. ಅರಮನೆ ತೆರೆದಿದೆಯೋ ಇಲ್ಲವೋ ಅಂತ ಟಿಕೆಟ್ ಕಿಟಕಿವರೆಗೂ ನಡೆದು ಹೋಗಿ ನೋಡಲಿ. ಬೆಳಗ್ಗೆ ಎಂಟೂವರೆಗೆ ತೆಗೀತಾರೆ.

ಮರುಪ್ರಶ್ನೆ (ಆಗುಂಬೆ ಬಳಿಯ ಹೋಂಸ್ಟೇಯಿಂದ)

ಅಣ್ಣಾ, ನಂದು ಉಲ್ಟಾ ಪ್ರಶ್ನೆ. ನಮ್ಮಲ್ಲಿಗೆ ಕಪ್ಪೆ, ಹಾವು ನೋಡೋಕೆ ಅಂತ ಹೊರದೇಶದವರು ಬರ್ತಾರೆ. ಬೆಂಗಳೂರಲ್ಲಿ ಇಳಿದು ಇಲ್ಲಿಗೆ ಬರೋ ಹೊತ್ತಿಗೆ ಅರ್ಧದಷ್ಟು ಜನ ಮುಖ ಕೆಡಿಸ್ಕೊಂಡಿರ್ತಾರೆ. ಅವರಿಗೆ ಮೊದಲೇ ಏನು ಬರೆದು ಕಳಿಸಲಿ?

ಉತ್ತರ

ನೀವು ಕೇಳಿದ್ದು ಖುಷಿ ಆಯ್ತು ಮಾರಾಯ್ರೆ. ಮನೆಗೆ ಬರೋ ನೆಂಟರಿಗೆ ದಾರಿ ಹೇಳೋದು ನಮ್ಮ ಕೆಲಸ.

ದೇವನಹಳ್ಳಿ ಏರ್‌ಪೋರ್ಟಲ್ಲಿ ಹೊರದೇಶದ ವಿಮಾನ ಬರೋದು ಎರಡನೇ ಟರ್ಮಿನಲ್‌ಗೆ. ಹೊರಗೆ ಬಂದಾಗ ತಾವಾಗೇ ಹತ್ತಿರ ಬಂದು ಮಾತಾಡಿಸೋರ ಹಿಂದೆ ಹೋಗಬೇಡಿ, ಬಿಳಿ ಬೋರ್ಡಿನ ಕಾರು ಹತ್ತಬೇಡಿ ಅಂತ ಮೊದಲನೇ ಸಾಲಲ್ಲೇ ಬರೀರಿ. ಹಳದಿ ಬೋರ್ಡು ಅಂದ್ರೆ ಟ್ಯಾಕ್ಸಿ ಅನ್ನೋದು ಅವರಿಗೆ ಗೊತ್ತಿರಲ್ಲ, ಒಂದು ಫೋಟೊ ಹಾಕಿ. ಊಬರ್ ಅವರ ದೇಶದ ನಂಬರಲ್ಲೇ ನಡೆಯುತ್ತೆ. ಬಿಎಂಟಿಸಿ ವಾಯುವಜ್ರ ಬಸ್ ಬಾಗಿಲಿಂದಲೇ ಸಿಗುತ್ತೆ, ಮೆಜೆಸ್ಟಿಕ್‌ಗೆ ಕೆಐಎ-9. ಬೆಂಗಳೂರಲ್ಲಿ ಆಟೋ ಹತ್ತಿದ್ರೆ 2025ರ ಆಗಸ್ಟ್‌ನಿಂದ ಮೊದಲ ಎರಡು ಕಿ.ಮೀ.ಗೆ ₹36, ಆಮೇಲೆ ಕಿ.ಮೀ.ಗೆ ₹18, ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು. ಈ ಅಂಕಿ ಕೈಲಿದ್ರೆ ಅರ್ಧ ಜಗಳ ಮುಗಿದ ಹಾಗೆ. ಯುಪಿಐ ಅವರ ಹತ್ತಿರ ಇರಲ್ಲ, ನೂರು-ಇನ್ನೂರರ ನೋಟು ಇಟ್ಕೊಳ್ಳೋಕೆ ಹೇಳಿ.

ಬೆಂಗಳೂರಿಂದ ನೇರ ಟ್ಯಾಕ್ಸೀಲೇ ಬರ್ತೀವಿ ಅಂದ್ರೆ ಬಾಡಿಗೆ ಮಾತನ್ನ ನೀವೇ ಆಡಿ, ಅವರಿಗೆ ಬಿಡಬೇಡಿ. ಕಿ.ಮೀ. ದರ, ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ., ಡ್ರೈವರ್ ಬಾಟಾ, ಟೋಲ್ ಯಾರದ್ದು, ವಾಪಸ್ ಹೋಗೋ ಕಿ.ಮೀ. ಸೇರಿದೆಯಾ, ಈ ಐದನ್ನ ವಾಟ್ಸಾಪಲ್ಲಿ ಬರೆಸಿಕೊಂಡು ಅತಿಥಿಗಳಿಗೂ ಕಳಿಸಿ. ಇನ್ನೂ ಒಳ್ಳೇ ದಾರಿ ಅಂದ್ರೆ ರೈಲಲ್ಲಿ ಶಿವಮೊಗ್ಗಕ್ಕೆ ಬರಲಿ, ಅಲ್ಲಿಗೆ ನಿಮಗೆ ಗೊತ್ತಿರೋ ಡ್ರೈವರನ್ನ ಕಳಿಸಿ. ದರ ನಿಮ್ಮ ಬಾಯಿಂದ ಹೋದ್ರೆ ಯಾರೂ ಹೆಚ್ಚು ಕೇಳಲ್ಲ, ಯಾಕಂದ್ರೆ ನಾಳೆ ಮತ್ತೆ ನಿಮ್ಮ ಬಾಡಿಗೆ ಅವನಿಗೆ ಬೇಕು.

ಪ್ರತಿಕ್ರಿಯೆ (ಶಿವಮೊಗ್ಗದ ಟ್ಯಾಕ್ಸಿ ಚಾಲಕರು)

ಅಣ್ಣಾ, ನೀವು ಹೇಳಿದ್ದೆಲ್ಲ ಸರಿ. ಆದರೆ ಒಂದು ಕಡೆ ಬಿಟ್ಟು ಬರೋ ಬಾಡಿಗೇಲಿ ನಾವು ಎರಡೂ ಕಡೆ ಕಿ.ಮೀ. ಹಾಕಿದ್ರೆ ಜನ ಮೋಸ ಅಂತಾರೆ. ಆಗುಂಬೆಗೆ ಬಿಟ್ಟು ರಾತ್ರಿ ಖಾಲಿ ಬರಬೇಕು. ಡೀಸೆಲ್ ಯಾರು ಕೊಡ್ತಾರೆ?

ಉತ್ತರ

ನಿನ್ನ ಮಾತು ನಿಜ ತಮ್ಮಾ, ನಾನೂ ಆ ಘಟ್ಟದ ರಸ್ತೇಲಿ ಮಳೆಗಾಲದ ರಾತ್ರಿ ಖಾಲಿ ಬಂದಿದ್ದೀನಿ. ಎರಡೂ ಕಡೆ ಕಿ.ಮೀ. ಹಾಕೋದು ನ್ಯಾಯವೇ, ಆದರೆ ಹತ್ತೋ ಮೊದಲು ಹೇಳಬೇಕು. "90 ಕಿ.ಮೀ. ಹೋಗೋದು, 90 ಬರೋದು, 180ಕ್ಕೆ ಇಷ್ಟು" ಅಂತ ಕಾಗದದಲ್ಲಿ ಬರೆದು ತೋರಿಸಿದ್ರೆ ಹೊರದೇಶದವರು ಮರುಮಾತಿಲ್ಲದೆ ಕೊಡ್ತಾರೆ. ನಾನು ಗಾಡೀಲಿ ಒಂದು ಸ್ಲೇಟು ಇಟ್ಕೊಂಡಿದ್ದೆ, ಅದರಲ್ಲೇ ಬರೆದು ತೋರಿಸ್ತಿದ್ದೆ. ಇಳಿಯೋವಾಗ ಹೇಳಿದ್ರೆ ಅದೇ ದುಡ್ಡು ಅವರಿಗೆ ಸುಲಿಗೆ ಅನ್ಸುತ್ತೆ.

ಮರುಪ್ರಶ್ನೆ (ತೀರ್ಥಹಳ್ಳಿ)

ಕೊನೇದಾಗಿ ಒಂದು, ಅಣ್ಣ. ಅಪ್ಪನ ಇಂಗ್ಲಿಷ್ ಅಷ್ಟಕ್ಕಷ್ಟೆ. ಡ್ರೈವರಿಗೆ ಹೋಟೆಲ್ ಹೆಸರು ಅರ್ಥ ಆಗದಿದ್ರೆ? ಜಗಳಕ್ಕೇ ಬಂದ್ರೆ?

ಉತ್ತರ

ಹೋಟೆಲಿಗೆ ಇವತ್ತೇ ಒಂದು ಮೇಲ್ ಹಾಕಿ, ಅವರ ಹೆಸರು, ವಿಳಾಸ, ಫೋನ್ ನಂಬರನ್ನ ಥಾಯ್ ಲಿಪೀಲಿ ಕಳಿಸಿ ಅಂತ ಕೇಳಿ. ಅದನ್ನ ದೊಡ್ಡ ಅಕ್ಷರದಲ್ಲಿ ಎರಡು ಪ್ರತಿ ಮುದ್ರಿಸಿ, ಒಂದು ಅಪ್ಪನ ಅಂಗಿ ಜೇಬಿಗೆ, ಒಂದು ಅಮ್ಮನ ಪರ್ಸಿಗೆ. ಡ್ರೈವರ್ ದಾರಿ ಗೊತ್ತಿಲ್ಲ ಅಂದ್ರೆ ಅವನೇ ಆ ನಂಬರಿಗೆ ಫೋನ್ ಮಾಡ್ತಾನೆ. ಹೋಟೆಲಿನವರು ಕಾಯ್ತಾ ಇದ್ದಾರೆ ಅಂತ ಗೊತ್ತಾದ ಕೂಡ್ಲೆ ಅವನ ಮಾತಿನ ಧಾಟಿಯೇ ಬದಲಾಗುತ್ತೆ, ಇದನ್ನ ನಾನು ಎಷ್ಟೋ ಸಲ ಕಂಡಿದ್ದೀನಿ.

ದುಡ್ಡಿಗೆ ತಕರಾರು ಬಂದ್ರೆ ಕಾರಲ್ಲಿ ಕೂತು ಮಾತಾಡೋದು ಬೇಡ. ಮೊದಲು ಸಾಮಾನು ಇಳಿಸಿಕೊಂಡು, ಹೋಟೆಲ್ ಒಳಗೆ ಹೋಗಿ ರಿಸೆಪ್ಷನ್‌ನವರನ್ನ ಕರೀಲಿ. ಸೂಟ್‌ಕೇಸ್ ಡಿಕ್ಕಿಯಲ್ಲಿದ್ದಾಗ ದುಡ್ಡು ಕೊಟ್ಟು ಮುಗಿಸೋ ಆತುರ ಬೇಡ. ಅದೇ ಕಾಗದದ ಹಿಂದೆ ಎರಡು ನಂಬರ್ ಬರೀರಿ: ಟೂರಿಸ್ಟ್ ಪೊಲೀಸ್ 1155, ಟ್ಯಾಕ್ಸಿ ದೂರು 1584. ಏರ್‌ಪೋರ್ಟ್ ಚೀಟಿ ಕೈಲಿದ್ರೆ ದೂರು ಕೊಡೋಕೆ ಗಾಡಿ ನಂಬರ್ ಹುಡುಕಬೇಕಾಗಿಲ್ಲ.

ವಿಳಾಸ ಬಂದ ಮೇಲೆ ಇಲ್ಲಿ ಹಾಕಬೇಡಿ, ನನಗೆ ಪ್ರತ್ಯೇಕವಾಗಿ ಕಳಿಸಿ. ಏರ್‌ಪೋರ್ಟಿಂದ ಆ ಹೋಟೆಲಿಗೆ ಎಷ್ಟು ಕಿ.ಮೀ., ಹತ್ತಿರದ ಬಿಟಿಎಸ್ ನಿಲ್ದಾಣ ಯಾವುದು ಅಂತ ನೋಡಿ ಕನ್ನಡದಲ್ಲಿ ಬರೆದು ಕೊಡ್ತೀನಿ.