ಅಪ್‌ಡೇಟ್: ಹಳೇ ಡ್ರಗ್ ಲೈಬ್ರರಿ ಬಿಡದ ಇನ್‌ಫ್ಯೂಷನ್ ಪಂಪ್‌ಗಳು, ಕಾರಣ ಸಿಕ್ಕಿತು

ಹೊಸ ಡ್ರಗ್ ಲೈಬ್ರರಿಯನ್ನು (ಔಷಧಿಗಳ ಮತ್ತು ಅವುಗಳ ಡೋಸ್ ಮಿತಿಗಳ ಪಟ್ಟಿ) ವೈ-ಫೈನಲ್ಲಿ ಕಳಿಸಿದರೂ, ರೋಗಿಗೆ ನಿಗದಿತ ವೇಗದಲ್ಲಿ ಔಷಧಿ ಹರಿಸುವ ನಮ್ಮ ಐಸಿಯು ಪಂಪ್‌ಗಳು ಹಳೇ ವರ್ಷನ್ನನ್ನೇ ತೋರಿಸುತ್ತಿವೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಹೋಗಿದೆ. ಕಾರಣ ಒಂದಲ್ಲ, ಎರಡು.

ಹೆಚ್ಚಿನ ಪಂಪ್‌ಗಳಲ್ಲಿ ಫೈಲ್ ಆಗಲೇ ಇಳಿದಿತ್ತು. ಆದರೆ ಈ ಮಾಡೆಲ್‌ನಲ್ಲಿ ಪಂಪ್ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಹೊಸ ಲೈಬ್ರರಿ ಜಾರಿಗೆ ಬರುತ್ತದೆ. ಔಷಧಿ ಹೋಗುತ್ತಿರುವಾಗಲೇ ಡೋಸ್ ಮಿತಿ ಬದಲಾದರೆ ಅಪಾಯ ಅಲ್ವಾ? ನಮ್ಮ ಐಸಿಯುನಲ್ಲಿ ಪಂಪ್ ಆಫ್ ಆಗುವುದೇ ಅಪರೂಪ. ಸ್ಟ್ಯಾಂಡ್‌ಬೈನಲ್ಲೇ ಒಂದು ಬೆಡ್ಡಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಈಗ ರೋಗಿ ಬದಲಾದಾಗ ಸಿಸ್ಟರ್‌ಗಳು ಪಂಪ್ ಒರೆಸಿ, ಪೂರ್ತಿ ಆಫ್ ಮಾಡಿ, ಆನ್ ಮಾಡಿದ ಮೇಲೆ ವರ್ಷನ್ ನಂಬರ್ ನೋಡುತ್ತಾರೆ.

ಉಳಿದವು ಸ್ಟೋರ್‌ನಲ್ಲಿ ಜಾಸ್ತಿ ದಿನ ಚಾರ್ಜ್ ಇಲ್ಲದೆ ಬಿದ್ದಿದ್ದವು. ಅವುಗಳ ಗಡಿಯಾರ 2000ನೇ ಇಸವಿಗೆ ಹೋಗಿ ಕೂತಿತ್ತು! ಆ ತಾರೀಖಿಗೆ, ಲೈಬ್ರರಿ ಕಳಿಸುವ ಸರ್ವರ್‌ನ ಸರ್ಟಿಫಿಕೇಟ್ (ಅದರ ಡಿಜಿಟಲ್ ಗುರುತಿನ ಚೀಟಿ) ಇನ್ನೂ ಚಾಲ್ತಿಗೇ ಬಂದಿಲ್ಲ, ಹಾಗಾಗಿ ಪಂಪ್ ಸರ್ವರನ್ನು ನಂಬುತ್ತಿರಲಿಲ್ಲ. ಪರದೆಯಲ್ಲಿ ವೈ-ಫೈ ಗುರುತು ಮಾತ್ರ ಹಸಿರಾಗಿಯೇ ಇತ್ತು. ಪಾಪ, ಐಟಿಯವರು ಸುಮ್ನೆ ಬೈಸಿಕೊಂಡರು. ಬ್ಯಾಟರಿ ಬದಲಿಸಿ, ಟೈಮ್ ಸರಿಮಾಡಿದೆವು. ವಾರ್ಡಿಗೆ ಕೊಡುವ ಮೊದಲು ಹರಿವಿನ ಪ್ರಮಾಣ ಅಳೆದು, ಟ್ಯೂಬ್ ಒತ್ತಿ ಹಿಡಿದು ಅಡಚಣೆಯ ಅಲಾರಂ ಕೂಗುತ್ತದಾ ಅಂತಲೂ ನೋಡಿದೆವು. ಅತಿ ಜಾಗ್ರತೆ ಅನ್ನಿಸಬಹುದು. ಆದರೆ 2005ರಿಂದ 2009ರವರೆಗೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಎಫ್‌ಡಿಎಗೆ ಇನ್‌ಫ್ಯೂಷನ್ ಪಂಪ್‌ಗಳಿಂದಾದ ತೊಂದರೆಗಳ ಬಗ್ಗೆಯೇ ಸುಮಾರು 56,000 ವರದಿಗಳು ಬಂದಿದ್ದವು, ಸಾಫ್ಟ್‌ವೇರ್ ದೋಷವೂ ಅದರಲ್ಲಿ ದೊಡ್ಡ ಕಾರಣ.

ಫ್ಯಾಕ್ಟರಿ ರಿಸೆಟ್ ಮಾಡಿ ಅಂದವರಿಗೆ: ಮಾಡಲಿಲ್ಲ. ಗಡಿಯಾರದ ಸುಳಿವು ಸಿಕ್ಕಿದ್ದೇ ಪಂಪಿನ ಲಾಗ್‌ನಲ್ಲಿ (ಪಂಪ್ ತಾನೇ ಬರೆದಿಡುವ ದಾಖಲೆ), ರಿಸೆಟ್ ಮಾಡಿದ್ದರೆ ಅದು ಅಳಿಸಿಹೋಗಬಹುದಿತ್ತು.